ನಕ್ಷತ್ರ ಮೀನಿಗೆ ಅರ್ಧ ದಿನ

ರೀ,

ನೀವು ಕಣ್ಣು ಮುಚ್ಚಿದ ಮೇಲೂ ನಿಮ್ಮ ಉಪ್ಪುನೀರಿನ ಮೀನು ತೊಟ್ಟಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಇವತ್ತು ನಿಮ್ಮ ತಮ್ಮ ಮಾಳೇಶ ಹೊಸ ನಕ್ಷತ್ರ ಮೀನು ತಂದ. ನಾನು ಸೀದಾ ತೊಟ್ಟಿಗೆ ಬಿಡಲು ಹೋದೆ.

"ಅಯ್ಯೋ ಅತ್ತಿಗೆ, ಹಂಗೆ ಬಿಟ್ರೆ ಸತ್ತೋಗ್ತೈತ್ರಿ! ನಮ್ಮ ನೀರಿಗೆ ಹೊಂದ್ಕೊಳ್ಳಾಕೆ ಟೈಮ್ ಬೇಕು. ಅಣ್ಣ ಅರ್ಧ ದಿನ ಪಕ್ಕದಾಗೆ ಕುಂತು ಹನಿಹನಿಯಾಗಿ ತೊಟ್ಟಿ ನೀರು ಬೆರೆಸ್ತಿದ್ದ."

ಅರ್ಧ ದಿನ! ಸೊರಬದಿಂದ ಶಿಕಾರಿಪುರಕ್ಕೆ ಬಂದು, ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಬಂದ ನನ್ನನ್ನು ಆವತ್ತೇ ಒಲೆ ಮುಂದೆ ನಿಲ್ಲಿಸಿ, "ಜೋಳದ ರೊಟ್ಟಿ ಬಡಿಯಾಕೆ ಬರ್ತೈತಾ?" ಎಂದು ಕೇಳಿದವರು ನೀವೇ ತಾನೆ?

ಹೊಟ್ಟೆ ಉರಿಯಿತು. ಆದರೂ ನಿಮ್ಮ ಕುರ್ಚಿಯಲ್ಲಿ ಕೂತು ಸಂಜೆವರೆಗೂ ಹನಿ ಬಿಟ್ಟೆ. ನಕ್ಷತ್ರ ಮೀನು ಮೆಲ್ಲಗೆ ಒಂದು ತೋಳು ಚಾಚಿತು.

ಆ ಕುರ್ಚಿಯಿಂದ ಒಲೆ ಚೆನ್ನಾಗಿ ಕಾಣುತ್ತದೆ. ಒಮ್ಮೆಯಾದರೂ ಅತ್ತ ನೋಡಿದ್ದಿರಾ?