ಮಲಪನಗುಡಿ ಬಾವಿಯ ಅಂಗಡಿ ಮತ್ತು ನಾನು ಕುಡಿದ ತಂಬಿಗೆ

ಅಬ್ಕಾರಿ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಮಲಪನಗುಡಿಯ ಮೆಟ್ಟಿಲು ಬಾವಿಯ ಪಕ್ಕದಲ್ಲಿರುವ ಸಾರಾಯಿ ಅಂಗಡಿಯನ್ನು ಎತ್ತಿಸಬೇಕೆಂದು ಆ ಊರಿನ ಹೆಣ್ಣುಮಕ್ಕಳು ಕೊಟ್ಟ ಅರ್ಜಿಯನ್ನು ತಾವು ವಜಾ ಮಾಡಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: "ಅರ್ಜಿದಾರ ಹೆಂಗಸರೇ ಅರ್ಜಿ ಬರೆಸಿದ ದಿನ ಸದರಿ ಅಂಗಡಿಯಿಂದ ಸಾರಾಯಿ ಕೊಂಡದ್ದು ವಿಚಾರಣೆಯಿಂದ ತಿಳಿದಿದೆ. ಆದಕಾರಣ ಅಂಗಡಿಯ ಅಗತ್ಯ ಅವರಿಗೂ ಇದೆಯೆಂದು ಭಾವಿಸಲಾಗಿದೆ." ಭೇಷ್! ಎಂಥ ವಿಚಾರಣೆ, ಎಂಥ ನ್ಯಾಯ! ಅಂಗಡಿಯವನನ್ನು ಕೇಳಿದಿರಿ, ಅವನು ಹೇಳಿದ, ತಾವು ಬರೆದುಕೊಂಡಿರಿ. ಆ ಸಾರಾಯಿಯನ್ನು ಕುಡಿದವರು ಯಾರು ಎಂದು ಕೇಳಲಿಲ್ಲ. ಈಗ ನಾನೇ ಹೇಳುತ್ತೇನೆ, ಕೇಳಿ. ಕುಡಿದವನು ನಾನು. ಆ ಅರ್ಜಿಯನ್ನು ಬರೆದವನೂ ನಾನೇ.

ಹೊಸಪೇಟೆಯ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಹತ್ತೊಂಬತ್ತು ವರ್ಷದಿಂದ ಕೂತು ಅರ್ಜಿ ಬರೆಯುವವನು ನಾನು. ಮೊದಮೊದಲು ಸಂಜೆಗೆ ಮಾತ್ರ ಕುಡಿಯುತ್ತಿದ್ದೆ. ಆಮೇಲೆ ಮಧ್ಯಾಹ್ನಕ್ಕೂ ಬೇಕಾಯಿತು. ಕಡೆಕಡೆಗೆ ಬೆಳಿಗ್ಗೆ ಎದ್ದರೆ ಕೈ ಗಡಗಡ ನಡುಗುವುದು, ಸಂಧ್ಯಾವಂದನೆಯ ನೀರು ಅಂಗೈಯಲ್ಲಿ ನಿಲ್ಲದು. ನರದ ದೌರ್ಬಲ್ಯ ಎಂದು ಮನೆಯಲ್ಲಿ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದೆ. ಎರಡು ಗುಟುಕು ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು, ಅಕ್ಷರ ಮುತ್ತಿನ ಹಾಗೆ ಬರುತ್ತಿತ್ತು. ಇದನ್ನು ನೋಡಿದ ನಮ್ಮ ಮುಗ್ಧ ಜನ ಏನು ತಿಳಿದರು ಗೊತ್ತೇ? ಶಕ್ತಿ ಇರುವುದು ಸಾರಾಯಿಯಲ್ಲಿ ಎಂದು ತಿಳಿದರು! "ರಾಯರು ಕುಡದು ಬರದ ಅರ್ಜಿ ಸೋಲಂಗಿಲ್ಲ" ಎಂಬ ಮಾತು ಕಂಪ್ಲಿಯ ತನಕ ಹಬ್ಬಿತು. ಕಬ್ಬಿನ ಗದ್ದೆಯವನು ಬರಲಿ, ಸಂಡೂರಿನ ಗಾಡಿಯವನು ಬರಲಿ, ಕೈಯಲ್ಲೊಂದು ತಂಬಿಗೆ, ಅದರ ಬಾಯಿಗೆ ಮುಚ್ಚಳವಾಗಿ ಮುತ್ತುಗದ ಎಲೆ. ನನ್ನಂಥ ವೈಷ್ಣವ ಬ್ರಾಹ್ಮಣನಿಗೆ ಬೀದಿಯಲ್ಲಿ ಸಾರಾಯಿ ಕೊಡುವುದು ಹೇಗೆ? ಅದಕ್ಕೆ "ಮಜ್ಜಿಗಿ ತಂದೀನ್ರಿ" ಅನ್ನುವರು. ವಾಸನೆ ಇಡೀ ಕಚೇರಿಗೆ ಬರುತ್ತಿತ್ತು. ಗುಮಾಸ್ತರೂ ಅದನ್ನು ಮಜ್ಜಿಗೆ ಎಂದೇ ಕರೆದರು.

ಹೋದ ವೈಶಾಖದಲ್ಲಿ ಮಲಪನಗುಡಿಯ ಉಚ್ಚೆಂಗಮ್ಮ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಅವಳ ಸೊಸೆ ತಾಯಕ್ಕ ತುಂಬಿದ ಬಸುರಿಯಾಗಿದ್ದಳು. ಬಾವಿಯ ಮೆಟ್ಟಿಲ ಮೇಲೆ ಕುಡಿದು ಬಿದ್ದಿದ್ದವನೊಬ್ಬ ಅವಳ ಸೆರಗಿಗೆ ಕೈ ಹಾಕಿದ. ಬಿಡಿಸಿಕೊಳ್ಳಲು ಹೋಗಿ ಕೊಡದ ಸಮೇತ ಎಂಟು ಮೆಟ್ಟಿಲು ಉರುಳಿದಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಇದನ್ನೆಲ್ಲ ಹೇಳಿ ಉಚ್ಚೆಂಗಮ್ಮ ಸೆರಗಿನ ಮರೆಯಿಂದ ತಂಬಿಗೆ ತೆಗೆದಳು.

"ಅಂಗಡಿ ಎತ್ತಸಾಕ ಅಂಗಡಿಗೇ ಹೋಗಿ ಬಂದೆ ನೋಡ್ರಿ ರಾಯರ. ಭಾಳ ನಾಚಿಕಿ ಆತು. ಏನ್ ಮಾಡೂದ್ರಿ, ನಿಮ್ಮ ಕೈ ನಿಲ್ಲಬೇಕಲ್ಲ?"

ಆಗಲಾದರೂ ತಂಬಿಗೆ ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಕುಡಿದೆ. ಕುಡಿದು, ಮದ್ಯವೆಂಬುದು ಸಂಸಾರಗಳ ಬೇರು ಕೊಯ್ಯುವ ಕುಡುಗೋಲು ಎಂದು ದುಂಡಾಗಿ ಬರೆದೆ. ಹೆಂಗಸರು ಹೆಬ್ಬೆಟ್ಟು ಒತ್ತಿ ನನಗೇ ಕೈಮುಗಿದು ಹೋದರು.

ತಮ್ಮ ಹುಕುಂ ಬಂದಾಗ ಅದನ್ನು ಅವರಿಗೆ ಓದಿ ಹೇಳಬೇಕಾದವನೂ ನಾನೇ. ಉಚ್ಚೆಂಗಮ್ಮ ಪೂರ್ತಿ ಕೇಳಿದಳು. "ಅದು ನಿಮಗಂತ ತಂದದ್ದು ಅಂತ ಸಾಹೇಬರಿಗೆ ಒಂದ್ ಮಾತು ಬರೀರಿ, ಅಷ್ಟ ಸಾಕು" ಎಂದಳು. ನಾನು "ನೋಡೋಣ" ಎಂದೆ. ಹತ್ತೊಂಬತ್ತು ವರ್ಷ ಊರವರ ಗುಟ್ಟನ್ನೆಲ್ಲ ಬರೆದ ಕೈಗೆ ತನ್ನದೊಂದು ಗುಟ್ಟು ಬರೆಯುವ ಧೈರ್ಯ ಇರಲಿಲ್ಲ. ಅವಳು ಎದ್ದು ಹೋದಳು. ಥೂ ನನ್ನ ಜನ್ಮವೇ ಅನ್ನಿಸಿತು.

ಅಂದೇ ಕುಡಿತ ಬಿಟ್ಟೆ. ಒಬ್ಬನೇ, ಹಟದಿಂದ, ಯಾರಿಗೂ ಹೇಳದೆ. ಮೂರನೆಯ ದಿನಕ್ಕೆ ಗೋಡೆಯ ತುಂಬ ಕೆಂಜಿಗದ ಇರುವೆಗಳು ಹರಿದಾಡಿದವು, ಸತ್ತ ತಂದೆ ಬಾಗಿಲಲ್ಲಿ ನಿಂತು ಕರೆದರು. ನನ್ನ ಹೆಂಡತಿ ಲಕ್ಷ್ಮೀಬಾಯಿ ಗ್ರಹ ಬಡಿದಿದೆ ಎಂದು ತೋಳಿಗೆ ಯಂತ್ರ ಕಟ್ಟಿದಳು. ಯಂತ್ರ ಕಟ್ಟಿದ ಮೇಲೂ ಮೈ ಸೆಟೆದು ನಾಲಿಗೆ ಕಚ್ಚಿಕೊಂಡಾಗ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಡಾಕ್ಟರು ಬೈಯಲಿಲ್ಲ. "ರಾಯರ, ಬೆಳಿಗ್ಗೆ ಎದ್ದ ಕೂಡ್ಲೆ ಕೈ ಅದನ್ನ ಕೇಳ್ತಂದ್ರ ಅದು ಚಟ ಅಲ್ರಿ, ರೋಗ. ವರ್ಷಗಟ್ಲೆ ಕುಡದೋರು ಹಿಂಗ ಒಮ್ಮಿಗೇ ಬಿಡಬಾರದು, ಜೀವಕ್ಕ ಅಪಾಯ. ನಮ್ಮಂಥೋರ ಕಣ್ಣೆದುರು ಬಿಡಬೇಕು" ಎಂದರು. ಒಂಬತ್ತು ದಿನ ಅಲ್ಲಿ ಮಲಗಿದೆ. ಇದು ರೋಗ ಎಂದು ನನಗೆ ಹೇಳಿದ ಮೊದಲ ಮನುಷ್ಯ ಅವರು. ಮನೆಗೆ ಬಂದ ಇಪ್ಪತ್ತನೆಯ ದಿನ ಯಾರೋ ಕಕ್ಷಿಗಾರ ತಂಬಿಗೆ ಮುಂದಿಟ್ಟ, ಮತ್ತೆ ಕುಡಿದೆ. ಈ ಸಲ ಮುಚ್ಚಿಡಲಿಲ್ಲ. ನೆಟ್ಟಗೆ ಮನೆಗೆ ಹೋಗಿ ಲಕ್ಷ್ಮೀಬಾಯಿಗೆ ಹೇಳಿದೆ. ಅವಳು ಅತ್ತಳು, ನಂತರ ಡಾಕ್ಟರ ಹತ್ತಿರ ನಡೆಯಿರಿ ಎಂದಳು. ಅಂದಿನಿಂದ ಕುಡಿಯದ ದಿನಗಳ ಎಣಿಕೆ ಮತ್ತೆ ಶುರುವಾಯಿತು. ಇಂದಿಗೆ ಎಪ್ಪತ್ತೊಂದು ದಿನ.

ಈಗ ತಮ್ಮನ್ನು ಕೇಳುತ್ತೇನೆ. ಕೊಂಡದ್ದೇ ಅಗತ್ಯಕ್ಕೆ ಸಾಕ್ಷಿಯಾದರೆ, ಹಾವು ಕಚ್ಚಿಸಿಕೊಂಡವನಿಗೆ ಹಾವಿನ ಅಗತ್ಯವಿತ್ತು ಎಂದೂ ಹುಕುಂ ಬರೆಯುತ್ತೀರಾ? ಹತ್ತೊಂಬತ್ತು ವರ್ಷ ನಾನು ತಮ್ಮ ಅಂಗಡಿಯ ಮಾಲು ಕುಡಿದೆ. ಅದು ನನಗೆ ಅಗತ್ಯವಿತ್ತೇ? ಸೇಲಂ ಜಿಲ್ಲೆಯಲ್ಲಿ ನಮ್ಮನ್ನೂ ಆಳುವ ಇದೇ ಮದ್ರಾಸು ಸರ್ಕಾರ ಅಂಗಡಿಗಳ ಬಾಗಿಲು ಹಾಕಿಸಿದೆ. ಅಲ್ಲಿ ವಿಷವಾದದ್ದು ನಮ್ಮ ಸೀಮೆಗೆ ಬಂದರೆ ತೀರ್ಥವಾಗುತ್ತದೆಯೇ? ಊರಿನಲ್ಲಿ ಮತ್ತೆಲ್ಲೂ ಜಾಗವಿಲ್ಲದೆ, ಕುಡಿಯುವ ನೀರಿಗೆ ಇಳಿಯುವ ದಾರಿಯಲ್ಲೇ ಅಂಗಡಿಗೆ ಪರವಾನಗಿ ಕೊಟ್ಟ ಪುಣ್ಯಾತ್ಮರು ಯಾರು? ಅವರ ಮನೆಯ ಹೆಣ್ಣುಮಕ್ಕಳು ನೀರಿಗೆ ಎಲ್ಲಿಗೆ ಹೋಗುತ್ತಾರೆ? ಕುಡಿದು ಕೆಟ್ಟವನು ನಾನು, ತಪ್ಪು ನನ್ನದು. ಆದರೆ ನನ್ನ ರೋಗವನ್ನು ಆ ಹೆಂಗಸರ ತಲೆಗೆ ಕಟ್ಟಿ ಕಡತ ಮುಚ್ಚಿದ್ದು ತಮ್ಮ ತಪ್ಪು. ಅದನ್ನು ನಾನು ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಇಂದು ಬೆಳಿಗ್ಗೆ ಉಚ್ಚೆಂಗಮ್ಮನಿಗೆ ನಾನೇ ಹೇಳಿಕಳಿಸಿದೆ. ಬಂದಳು. ತಾಯಕ್ಕನೂ ಜೊತೆಗಿದ್ದಳು. ಕೈಯಲ್ಲಿ ಅದೇ ತಂಬಿಗೆ. ನಾನು ಹಿಂದಕ್ಕೆ ಸರಿದೆ. "ಅಂಜಬ್ಯಾಡ್ರಿ, ಈ ಸಲ ಖರೇ ಮಜ್ಜಿಗಿ" ಎಂದಳು. ಕುಡಿದೆ. ಲೇಖನಿ ಹಿಡಿದೆ. ಕೈ ನಡುಗಿತು, ಸಾಲು ಸೊಟ್ಟಗಾಯಿತು, ಶಾಯಿ ಚೆಲ್ಲಿತು. ನಾಳೆ ಬರೆಯುತ್ತೇನೆ ಎಂದೆ. "ನಡುಗಿದ್ರ ನಡುಗ್ಲಿ ಬಿಡ್ರಿ, ನಾ ಹಾಳಿ ಹಿಡಕೊಂತೀನಿ" ಎಂದು ತಾಯಕ್ಕ ಎರಡೂ ಕೈಯಿಂದ ಕಾಗದ ಒತ್ತಿ ಹಿಡಿದಳು. ಈ ಪತ್ರ ಬರೆಯುತ್ತಿರುವುದು ಹಾಗೆ. ಮೂಲ ಪ್ರತಿಯನ್ನು ತಮಗೆ ಅಂಚೆಯಲ್ಲಿ ಹಾಕುತ್ತೇನೆ, ನಕಲನ್ನು ಪತ್ರಿಕೆಗೆ ಕಳಿಸುತ್ತೇನೆ. ಅಕ್ಷರ ತಿಳಿಯದಿದ್ದರೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಓದಿಕೊಳ್ಳಿ.

ಸಾರಾಯಿ ಅಂಗಡಿಗಳ ಬರುವ ಹರಾಜಿಗೆ ಮೊದಲು ಆ ಹುಕುಮನ್ನು ರದ್ದು ಮಾಡಿ. ಬಾವಿಯ ಪಕ್ಕದ ಅಂಗಡಿಯನ್ನು ಹರಾಜಿನ ಪಟ್ಟಿಯಿಂದ ತೆಗೆಯಿರಿ. ಅಂಗಡಿಯ ಅಗತ್ಯ ಆ ಹೆಂಗಸರಿಗೂ ಇದೆ ಎಂಬ ಮಾತನ್ನು ಕಡತದಲ್ಲಿ ಹೊಡೆದುಹಾಕಿ, ಆ ಸಾರಾಯಿ ಕುಡಿದವನೆಂದು ನನ್ನ ಹೆಸರು ಬರೆಯಿರಿ. ಅನುಮಾನವಿದ್ದರೆ ಮತ್ತೊಮ್ಮೆ ವಿಚಾರಣೆಗೆ ದಯಮಾಡಿಸಿ. ಈ ಸಲ ಅಂಗಡಿಯ ಜಗುಲಿಯಲ್ಲಿ ಕೂರಬೇಡಿ. ಸಂಜೆ ನೀರಿನ ಹೊತ್ತಿಗೆ ಬಂದು, ಒಂದು ತುಂಬಿದ ಕೊಡ ಹೊತ್ತು, ಆ ಎಂಟು ಮೆಟ್ಟಿಲು ಹತ್ತಿ. ತಾಯಕ್ಕ ಮೇಲೆ ನಿಂತಿರುತ್ತಾಳೆ.

ಇಂತಿ,
ಎಪ್ಪತ್ತೊಂದು ದಿನದಿಂದ ತಮ್ಮ ಗಿರಾಕಿಯಲ್ಲದ, ನಾಳೆಯ ಮಾತನ್ನು ನಾಳೆಯೇ ಹೇಳಬಲ್ಲ,
ಅರ್ಜಿ ಬರೆಯುವ ತಿರುಮಲರಾವ್
ಬೇವಿನ ಮರದ ಕೆಳಗೆ, ಹೊಸಪೇಟೆ
೧೯೩೮