ಕತ್ತು ತಿರುಗಿಸಿದ ಕರು

ಅಕ್ಕಾ,

ನಾನು ಚೆನ್ನಾಗಿದ್ದೇನೆ, ಗಾಬರಿ ಬೇಡ. ಇಲ್ಲಿನ ಮ್ಯೂಸಿಯಮ್ಮಿನಲ್ಲಿ ದುರಸ್ತಿಗೆಂದು ನನಗೆ ಒಪ್ಪಿಸಿರುವುದು ಕೊಳಲು ಮುರಿದುಹೋದ ವೇಣುಗೋಪಾಲ. ಕಾಲಿಗೆ ಕಾಲು ಹೆಣೆದು, ಸೊಂಟ ಬಾಗಿಸಿ ನಿಂತಿದ್ದಾನೆ. ಬೆರಳುಗಳ ನಡುವೆ ಬರೀ ಗಾಳಿ. ಹೊಸ ಕೊಳಲಿನ ಅಳತೆಗೆಂದು, ಅಪ್ಪ ಮಾಡುತ್ತಿದ್ದ ಹಾಗೆ, ನನ್ನ ಪೆನ್ಸಿಲನ್ನೇ ಅವನ ಕೈಗಿಟ್ಟೆ. ಕಾಲ ಬಳಿ ಒಂದು ಹಸು, ಅದರ ಕೆಚ್ಚಲ ಹತ್ತಿರ ಕರು.

ಕಾವಲಿನಾಕೆ ನಕ್ಕಳು: "ಕರು ಹಾಲು ಬಿಟ್ಟು ಎತ್ತಲೋ ನೋಡ್ತಿದೆಯಲ್ಲ, ತಪ್ಪಾಗಿ ಕೆತ್ತಿದಾರಾ?"

"ಇಲ್ಲಮ್ಮ, ಅದು ಕೊಳಲು ಕೇಳಿಸ್ಕೊಳ್ತಿದೆ" ಅಂದೆ.

ಕೊಳಲು ಹೋಗಿ ಎಷ್ಟು ಕಾಲವಾಯಿತೋ, ಅದು ಮಾತ್ರ ಇನ್ನೂ ಕತ್ತು ತಿರುಗಿಸಿಕೊಂಡೇ ಇದೆ.

ನನ್ನ ಪುಟ್ಟಿಯೂ ಹಾಗೇ ಅಲ್ಲವೇ? ನಾನು ಹಾಲೂಡಿಸುವಾಗ ನಿನ್ನ ದನಿ ಕೇಳಿದರೆ ಸಾಕು, ಬಾಯಲ್ಲಿ ಹಾಲಿಟ್ಟುಕೊಂಡೇ ಆ ಕಡೆ ತಿರುಗುತ್ತಿದ್ದಳು. ಆಗೆಲ್ಲ ನನಗೆಷ್ಟು ಹೊಟ್ಟೆಕಿಚ್ಚಾಗುತ್ತಿತ್ತು ಗೊತ್ತಾ!

ಎದೆ ಬಿಗಿತ ಇಳಿಯಿತು, ಹಾಲು ನಿಂತಿತು; ಔಷಧಿ ಕಳಿಸಬೇಡ. ಅವಳ ಬಾಟಲಿ ದಿನವೂ ಕುದಿಸು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಅವಳು ಕುಡಿಯುತ್ತಿರುವಾಗ ಒಮ್ಮೆ "ಅಮ್ಮ ಬಂದ್ಳು" ಅಂದು ನೋಡು. ತಿರುಗಿದರೆ ಬರೆ. ತಿರುಗದಿದ್ದರೂ ತಿರುಗಿದಳು ಅಂತಲೇ ಬರೆ.

ನಿನ್ನ ತಂಗಿ