ಕರಿ ಉಣ್ಣೆಯ ಕಂಕಣ

ಕಾಸಾರಶಿರಸಿ,
೧೭ ಏಪ್ರಿಲ್ ೨೦೧೬, ಭಾನುವಾರ

ಪ್ರೀತಿಯ ಇವರಿಗೆ,

'ಇವರಿಗೆ' ಎಂದು ಬರೆದದ್ದಕ್ಕೆ ನಗಬೇಡಿ. ಗಂಡನ ಹೆಸರು ಹಿಡಿಯುವ ಹಾಗಿಲ್ಲ, ಬರಿ 'ರೀ' ಎಂದು ಬರೆದರೆ ಯಾರನ್ನೋ ಕೂಗಿದ ಹಾಗಾಗುತ್ತದೆ. ಲಕೋಟೆಯ ಮೇಲೆ ಹೆಸರು ಬರೆಯುವ ಕೆಲಸವನ್ನು ಕಿರಾಣಿ ಅಂಗಡಿಯ ವಿಶ್ವನಾಥಪ್ಪನವರಿಗೇ ಬಿಟ್ಟಿದ್ದೇನೆ. ನೀವು ಆಳಂದದ ಸೋದರಮಾವನ ಮನೆಯಲ್ಲಿದ್ದು ಏಳನೆಯ ತರಗತಿಯ ತನಕ ಕನ್ನಡ ಶಾಲೆ ಕಲಿತವರೆಂದು ಧೈರ್ಯ ಮಾಡಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಊರಿನ ಮರಾಠಿ ನನ್ನ ನಾಲಿಗೆಯ ಮೇಲೆ ಇನ್ನೂ ಕೂತಿಲ್ಲ.

ಆರೋಗ್ಯ ಹೇಗಿದೆ? ಎಡಗಣ್ಣಿನ ಬಾವು ಇಳಿಯಿತೇ? ಹೊಟ್ಟೆಗೆ ಸರಿಯಾಗಿ ಹಾಕುತ್ತಾರೋ, ಇಲ್ಲ ತೂಕ ತೂಕ ಎಂದು ಉಪವಾಸ ಕೆಡವುತ್ತಾರೋ? ಮದುವೆ ಮನೆಯಲ್ಲಿ ಅರ್ಧ ಹೋಳಿಗೆ ತಿಂದು, ಓಡಿ ಹೋಗಿ ವಿಶ್ವನಾಥಪ್ಪನವರ ಜೋಳ ತೂಗುವ ಕಾಟಾದ ಮೇಲೆ ನಿಂತಿರಲ್ಲ, ಅದನ್ನು ನೆನೆಸಿಕೊಂಡು ನಾನು ಒಬ್ಬಳೇ ನಗುತ್ತೇನೆ. ಐವತ್ತಾರು ಕಿಲೋ ಎಂದು ಅವರು ಕೂಗಿದ್ದೇ ತಡ ನಮ್ಮ ಚಿಕ್ಕಮ್ಮ, "ಅಯ್ಯ, ಅಳಿಯಾ ಒಂದು ಚೀಲ ಜ್ವಾಳ ಸೈತ ತೂಗಂಗಿಲ್ಲಲ್ಲವಾ" ಅಂದಿದ್ದಳು. ಆ ಮಾತಿಗೆ ನನಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು.

ಇಲ್ಲಿ ಅಜ್ಜಿ ಮಾಳವ್ವ ಗಟ್ಟಿಮುಟ್ಟಾಗಿದ್ದಾರೆ. ಕಣ್ಣು ಮಾತ್ರ ಮೊದಲಿನಂತಿಲ್ಲ, ಬಾಯಿ ಮೊದಲಿಗಿಂತ ಚುರುಕಾಗಿದೆ. ಮಾವನವರು, ಅತ್ತಿ, ಕುರಿಯ ಹಿಂಡು ಎಲ್ಲ ಉದಗೀರದ ಆಚೆಗೆ ಮೇವು ಹುಡುಕಿಕೊಂಡು ಹೋಗಿ ತಿಂಗಳಾಗುತ್ತ ಬಂತು. ಮನೆಯ ಫೋನು ಅವರ ಹತ್ತಿರವೇ ಇದೆ. ಇಲ್ಲಿ ಹುಲ್ಲಿನ ಕಡ್ಡಿಯಿಲ್ಲ. ನಿಲಂಗಾದಿಂದ ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ದಾರಿ ನೋಡುವುದು. ಲಾತೂರಿಗೆ ರೈಲಿನಲ್ಲಿ ನೀರು ತಂದರಂತೆ. ಅದನ್ನು ಕೇಳಿ ಅಜ್ಜಿ, "ನೀರಿಗಿ ಟಿಕೀಟ ತಗೀತಾರೇನ" ಎಂದು ನಿಜವಾಗಿಯೇ ಕೇಳಿದರು.

ನಾನೂ ಕುರಿಯ ಜೊತೆ ಹೋಗುತ್ತಿದ್ದೆ. ನಡೆಯುವುದಕ್ಕೆ ನಾನು ಹೆದರುವವಳಲ್ಲ. ಆದರೆ ಕೈಯಲ್ಲಿ ಮದುವೆಯ ಉಣ್ಣೆ ಕಂಕಣವಿದೆ. ಕಂಕಣ ಬಿಚ್ಚದ ಮದುಮಗಳು ಊರ ಸೀಮೆ ದಾಟಬಾರದು. ತವರು ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಕ್ಕ ಹಡೆದಳು, ತೊಟ್ಟಿಲ ಶಾಸ್ತ್ರವೂ ಆಯಿತು, ನಾನು ಹೋಗಲಿಲ್ಲ. ಹಟ್ಟಿಯಲ್ಲಿ ಉಳಿದ ಹೆಂಗಸರು ನನ್ನ ಕೈಗೆ ಕೆಲಸ ಕೊಡುವುದಿಲ್ಲ, ಮದುಮಗಳು ಅನ್ನುತ್ತಾರೆ. ಸುಮ್ಮನೆ ಕೂತರೆ ಎಂಥ ಮದುಮಗಳು ಎಂದು ಅವರೇ ಆಡಿಕೊಳ್ಳುತ್ತಾರೆ. ಹಿಂಡಿಲ್ಲದ ದೊಡ್ಡಿ ಎಷ್ಟು ಸಪ್ಪಗಿರುತ್ತದೆ ಎಂಬುದು ಕುರಿಯವರ ಮನೆಯಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕಾಗಿಲ್ಲ. ಸಂಜೆಯಾದರೆ ಕಿವಿ ತಾನಾಗಿಯೇ ಕುರಿಗಳ ದನಿ ಹುಡುಕುತ್ತದೆ. ನನಗೆ ಇಲ್ಲಿ ಬಹಳ ಬೇಸರವಾಗುತ್ತದೆ, ಬಹಳವೆಂದರೆ ಬಹಳ.

ಆ ದಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಅಕ್ಷತೆ ಬಿದ್ದ ಮರುದಿನವೇ ಪುಣೆಯಿಂದ ನಿಮ್ಮ ಕೋಚ್ ಸಾಹೇಬರ ಫೋನು. ನಿಮ್ಮ ತೂಕದಲ್ಲಿ ಆಡಬೇಕಾಗಿದ್ದವನ ಹೆಗಲು ಜಾರಿದೆ, ಅವನ ಜಾಗಕ್ಕೆ ನೀವು ಹೋಗಬೇಕು. ಬಾಕ್ಸಿಂಗ್ ಪಂದ್ಯ, ಮೂರು ಹಂತ, ಮೂರು ದೇಶ, ಒಂದರಲ್ಲಿ ಗೆದ್ದವರಿಗಷ್ಟೇ ಮುಂದಿನದು. ಕಂಕಣ ಬಿಚ್ಚಿ ಕಳಿಸೋಣವೆಂದು ಅತ್ತಿ ಅಂದರೆ ಅಜ್ಜಿ ಒಪ್ಪಲಿಲ್ಲ. ಬೀರಪ್ಪನ ಗುಡಿಗೆ ಹೋಗಬೇಕು, ಬಂಡಾರದ ಅರಿಶಿನ ಹಚ್ಚಿಕೊಳ್ಳಬೇಕು, ಒಬ್ಬರ ಕಂಕಣ ಒಬ್ಬರು ಎಡಗೈಯೊಂದರಿಂದಲೇ ಬಿಚ್ಚಬೇಕು, ಎರಡು ಸಾಲಿನ ಒಡಪು ಹಾಕಿ ಅದರಲ್ಲಿ ಒಬ್ಬರ ಹೆಸರು ಒಬ್ಬರು ಹೇಳಬೇಕು, ಆಮೇಲೆ ಮದುವೆ ಮುಗಿದಂತೆ. ಅಮಾವಾಸ್ಯೆ ಬೇರೆ ಎದುರಿಗಿತ್ತು. "ಅಮಾಸಿ ಮುಂದ ಯಾರರೆ ಕಂಕಣ ಬಿಚ್ಚತಾರೇನ? ಹೊಡದಾಡಿ ಬರಲಿ, ಆಮ್ಯಾಲ ಬಿಚ್ಚೋಣು" ಎಂದು ಕಳಿಸಿಯೇಬಿಟ್ಟರು. ನಮ್ಮವರಿಗೆ ಗೊತ್ತಿರುವುದು ಕುಸ್ತಿ. ಮುಂಜಾನೆ ಹೋಗಿ, ಸಂಜೆಗೆ ರುಮಾಲು ಸುತ್ತಿಸಿಕೊಂಡು ಮನೆಗೆ ಬರುವುದು. ಗೆದ್ದಷ್ಟೂ ದೂರ ಹೋಗುವ ಆಟವೂ ಇದೆಯೆಂದು ಈ ಹಟ್ಟಿಯಲ್ಲಿ ಯಾರಿಗೆ ಗೊತ್ತಿತ್ತು?

ಮೊದಲ ಹಂತ ಮಂಗೋಲಿಯಾದಲ್ಲಿ ಗೆದ್ದಿರಿ. ಅಂಗಡಿಗೆ ಫೋನು ಮಾಡಿದಾಗ ಪಂದ್ಯದ ಮಾತು ಬಿಟ್ಟು ಅಲ್ಲಿನ ಕುರಿಗಳ ಸುದ್ದಿ ಹೇಳಿದಿರಿ: ಬಾಲ ದಪ್ಪ, ಉಣ್ಣೆ ದಟ್ಟ, ಹಿಮ ಕೆರೆದು ಹುಲ್ಲು ತಿನ್ನುತ್ತವೆ ಎಂದು. ಅಂಗಡಿಯಲ್ಲಿದ್ದವರೆಲ್ಲ ಸುತ್ತ ನಿಂತು ಕೇಳಿದರು. ಫೋನಿನ ಸ್ಪೀಕರ್ ಹಾಕದೆ ಮಾತಾಡಿದರೆ ಊರಿಗೆ ಅವಮಾನವಂತೆ! ನಾನು ಜೋಳದ ಚೀಲದ ಹಿಂದೆ ನಿಂತಿದ್ದೆ. ನನ್ನ ಕೈಗೆ ಫೋನು ಬಂದಾಗ "ಊಟ ಆಯ್ತೇನ್ರೀ" ಎಂದಷ್ಟೇ ಕೇಳಿದೆ, ನೀವು "ಆಯ್ತು" ಅಂದಿರಿ. ಎರಡನೆಯ ಹಂತ ತುರ್ಕಿಯಲ್ಲಿ. ಅದನ್ನೂ ಗೆದ್ದಿರಿ. ಊರು ಪೇಢೆ ಹಂಚಿತು. ನಾನೂ ಒಂದು ತಿಂದೆ. ನೀವು ಗೆದ್ದರೆ ನನಗೆ ಅಳು ಬರುತ್ತದೆ. ಹೀಗೆ ಬರೆಯುವುದು ತಪ್ಪೋ ಏನೋ, ಆದರೆ ಸೋತಿದ್ದರೆ ಇಷ್ಟೊತ್ತಿಗೆ ಮನೆಯಲ್ಲಿರುತ್ತಿದ್ದಿರಿ ಎಂಬ ಯೋಚನೆ ಬಾರದ ದಿನವಿಲ್ಲ.

ತುರ್ಕಿಯ ಆ ಪಂದ್ಯವನ್ನು ವಿಶ್ವನಾಥಪ್ಪನವರು ತಮ್ಮ ಮೊಬೈಲಿನಲ್ಲಿ ತೋರಿಸಿದರು. ಎಲ್ಲರೂ ನಿಮ್ಮ ಮುಖ ನೋಡಿದರು, ನಾನು ನಿಮ್ಮ ಬಲಗೈ ನೋಡಿದೆ. ಎಡಗೈಯಿಂದಲೇ ಹೊಡೆಯುತ್ತೀರಿ. ಬಲಗೈ ಎದೆಗೆ ಅಂಟಿಕೊಂಡೇ ಇತ್ತು. ಎದುರಿನವನು ಎಡಗಣ್ಣಿಗೆ ಕೊಟ್ಟಾಗಲೂ ಅದು ಮೇಲೆ ಬರಲಿಲ್ಲ. ನೀವು ಮದುವೆಗೆ ಬಂದಾಗ ಅಂಗಳದಲ್ಲಿ ಒಬ್ಬರೇ ಗುದ್ದಾಡುತ್ತಿದ್ದುದನ್ನು ನಾನು ಕದ್ದು ನೋಡಿದ್ದೇನೆ. "ಗಾಳಿ ಗುದ್ದಿ ಮೈ ನೋಸಕೊಂಡಾ ಅಂತಾರಲ್ಲ, ಅದಕ್ಕ ಸರಕಾರ ಪಗಾರ ಕೊಡ್ತದ ನೋಡವಾ" ಎಂದು ಅಜ್ಜಿ ನಗಾಡಿದ್ದರು. ಆವತ್ತು ಬಲಗೈ ಹೀಗಿರಲಿಲ್ಲ. ಬ್ಯಾಂಡೇಜಿನ ಕೆಳಗೆ ಕಂಕಣದ ಉಣ್ಣೆ ಬೆವರು ಕುಡಿದು ಬಿಗಿಯುತ್ತಿದೆ, ಮಣಿಕಟ್ಟು ಕೊಯ್ಯುತ್ತಿದೆ ಎಂದು ನನಗೆ ಆಗಲೇ ತಿಳಿಯಿತು.

ಆಮೇಲೆ ಬಂತು ನಿಮ್ಮ ಹೋದ ವಾರದ ಫೋನು. "ತುರ್ಕಿಯಾಗ ಬ್ಯಾಂಡೇಜ ನೋಡಾಂವಾ ಒಳಗಿನ ಕಂಕಣ ಹಿಡದಾನ. ಕೋಚ್ ಸಾಹೇಬ್ರು ಕೈಕಾಲು ಹಿಡದು ಆಡಿಸ್ಯಾರ. ಜರ್ಮನಿಯಾಗ ಬಿಡಂಗಿಲ್ಲ ಅಂದಾರ. ಕೊಯ್ಯಬೇಕು, ಇಲ್ಲಂದ್ರ ಆಡಂಗಿಲ್ಲ. ಪುಣೆ ಕ್ಯಾಂಪಿನಿಂದ ಊರಿಗಿ ಬರಾಕ ಸೂಟಿನೂ ಕೊಡಂಗಿಲ್ಲ." ವಿಶ್ವನಾಥಪ್ಪನವರು, "ಕೊಯ್ದು ಒಗೀರಿ, ದೇಶದ ಮಾತದ" ಅಂದರು. ಅದಕ್ಕೆ ನೀವು, "ಅಜ್ಜಿಗಿ ಕೇಳ್ರಿ. ಆಕಿಗೂ ಕೇಳ್ರಿ. ಆಕಿ ಬ್ಯಾಡ ಅಂದ್ರ ನಾ ವಾಪಸ್ ಬರ್ತೀನಿ" ಅಂದಿರಿ. ಅಷ್ಟು ಜನರ ಮುಂದೆ 'ಆಕಿ' ಎಂದಿರಿ! ನಾನು ಚೀಲದ ಹಿಂದೆ ಇನ್ನೂ ಕೆಳಗೆ ಕುಸಿದೆ. ಎಷ್ಟು ಸಂತೋಷವಾಯಿತೋ ಅಷ್ಟೇ ಕೋಪವೂ ಬಂತು. ಎಲ್ಲವನ್ನೂ ತಂದು ನನ್ನ ತಲೆಯ ಮೇಲೆ ಹಾಕಿದಿರಲ್ಲ.

ಸುದ್ದಿ ಕೇಳಿ ಅಜ್ಜಿ ಎರಡು ದಿನ ಉಣ್ಣೆ ನೂಲುತ್ತಲೇ ಕೂತರು. ಗಂಟು ಬಿಚ್ಚದೆ ಕಂಕಣಕ್ಕೆ ಕಬ್ಬಿಣ ತಾಗಿಸಿದರೆ ಗಂಡಹೆಂಡಿರ ಬಾಳು ಕೊಯ್ದ ಹಾಗೆ ಎಂದು ಅವರು ನಂಬಿದವರು. ಮೂರನೆಯ ದಿನ ನಿಮ್ಮ ಕರಿ ಕಂಬಳಿಯನ್ನು ಗೂಟದಿಂದ ಇಳಿಸಿ ನನ್ನ ಮುಂದೆ ಹಾಸಿದರು. "ಕಂಬಳಿ ಅಂದ್ರ ನಮಗ ಬೀರಪ್ಪನ ಗದ್ದಗಿ. ನಿನ್ನ ಗಂಡ ಹೊತಗೊಂಡ ಕಂಬಳಿ ಅಂದ್ರ ಅಂವಾನೇ. ಇದರ ತುದಿಗಿ ಕಂಕಣ ಕಟ್ಟತೀನಿ. ನೀ ಎಡಗೈಲೆ ಬಿಚ್ಚು, ಒಡಪ ಹಾಕು. ಆಮ್ಯಾಲ ಅಂವಾ ಕತ್ತರಿ ಹಚ್ಚಿದ್ರೂ ದೋಷ ಇಲ್ಲ. ಬಿಚ್ಚದು ಬಿಡದು ನಿನ್ನ ಕೈದಾಗ ಅದ." ಹೀಗೆಂದು ಅವರೇ ಕುರಿಯುಣ್ಣೆ ಹೊಸೆದು, ಬಂಡಾರ ಸವರಿ, ಮೂರು ಗಂಟು ಹಾಕಿ ಇಟ್ಟಿದ್ದಾರೆ. ಅಂದಿನಿಂದ ಆ ಕಂಬಳಿ ನಡುಮನೆಯಲ್ಲೇ ಇದೆ. ನಾನು ಅದನ್ನು ತುಳಿಯದೆ ಬದಿಯಿಂದ ಓಡಾಡುತ್ತೇನೆ.

ಬಿಸಿತುಪ್ಪ ನನ್ನ ಬಾಯಲ್ಲಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಿಚ್ಚದಿದ್ದರೆ ನೀವು ಬರುತ್ತೀರಿ. ಬೀರಪ್ಪನ ಗುಡಿಗೆ ಹೋಗುತ್ತೇವೆ, ಅಕ್ಕನ ಕೂಸನ್ನು ನೋಡುತ್ತೇವೆ, ನಾನೂ ಎಲ್ಲರಂತೆ ಒಬ್ಬ ಸೊಸೆಯಾಗುತ್ತೇನೆ. ಬಿಚ್ಚಿದರೆ ನೀವು ಜರ್ಮನಿಗೆ ಹೋಗುತ್ತೀರಿ. ಅಲ್ಲಿ ಗೆದ್ದರೆ ಇನ್ನೆಲ್ಲಿಗೆ ಕರೆಯುತ್ತಾರೋ! ಅಜ್ಜಿ ಇವತ್ತೂ ಕೇಳಿದರು. ನಾನು ಒಲೆಯ ಕಡೆ ಮುಖ ಮಾಡಿ ಕಟ್ಟಿಗೆ ಒಟ್ಟಿದೆ. ನಿಮಗೂ ಇಂದು ಉತ್ತರ ಬರೆಯಲಾರೆ. ಮನಸ್ಸು ಗಟ್ಟಿಯಾದ ಮೇಲೆ ತಿಳಿಸುತ್ತೇನೆ, ಅಲ್ಲಿಯ ತನಕ ನೀವೂ ಕತ್ತರಿ ಮುಟ್ಟಬೇಡಿ.

ಕಣ್ಣಿಗೆ ನೀರು ತಾಗಿಸಬೇಡಿ, ಹೊಟ್ಟೆ ಕಟ್ಟಬೇಡಿ. ಅಜ್ಜಿ ನಿಮ್ಮ ತಲೆಯ ಮೇಲೆ ಕೈಯಿಟ್ಟು ಬಂಡಾರ ಹಾರಿಸಿದ್ದಾರೆಂದು ತಿಳಿಯಿರಿ. ಕೋಚ್ ಸಾಹೇಬರಿಗೆ ನಮಸ್ಕಾರ ತಿಳಿಸಿ. ಅವರ ಮೇಲೆ ನನಗೆ ಸಿಟ್ಟಿದೆ ಎನ್ನುವುದನ್ನು ತಿಳಿಸಬೇಡಿ.

ಇನ್ನೂ ಮದುಮಗಳಾಗಿಯೇ ಕೂತಿರುವ ನಿಮ್ಮ,
ಪ್ರಯಾಗ

ತಾ.ಕ.: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ವಿಶ್ವನಾಥಪ್ಪನವರು ಉಮರ್ಗಾಕ್ಕೆ ಹೊರಟು ಬಾಗಿಲಲ್ಲಿ ಜೀಪಿನ ಹಾರ್ನ್ ಹೊಡೆಯುತ್ತಿದ್ದಾರೆ. ಈಗ ಟ್ಯಾಂಕರ್ ಬಂದಿತ್ತು. ಯಾರೂ ಇರಲಿಲ್ಲವೆಂದು ನಾನೇ ಕೊಡ ಹೊತ್ತೆ. ನೀರು ಚೆಲ್ಲಿ ಕಂಕಣ ನೆನೆಯಿತು. ನೆನೆದ ಉಣ್ಣೆ ಮಣಿಕಟ್ಟು ಹಿಡಿದು ಎಷ್ಟು ಕೊರೆಯಿತೆಂದರೆ ಕೊಡ ಕೆಳಗಿಟ್ಟು ಅಲ್ಲೇ ಕೂತೆ. ಎರಡು ಕೊಡ ನೀರಿಗೇ ನನಗೆ ಹೀಗಾದರೆ, ನೀವು ಇದನ್ನು ಕಟ್ಟಿಕೊಂಡು ಹೊಡೆದಾಡಿದ್ದೀರಿ. ಸೀದಾ ಒಳಗೆ ಬಂದು ಕಂಬಳಿಯ ಮುಂದೆ ಕೂತು ಎಡಗೈಯಿಂದ ಮೂರೂ ಗಂಟು ಬಿಚ್ಚಿದೆ. ಮೂರನೆಯದಕ್ಕೆ ಉಗುರು ಮುರಿಯಿತು. ಮದುವೆಯಲ್ಲಿ ಎಲ್ಲರೂ ಕಾಡಿದರೂ ಒಡಪು ಹಾಕಿರಲಿಲ್ಲ, ಇವತ್ತು ಕಂಬಳಿಗೆ ಹಾಕಿದೆ, ಕೇಳಿದವರು ಅಜ್ಜಿ ಒಬ್ಬರೇ. ಇನ್ನು ನೀವು ಧೈರ್ಯವಾಗಿ ಕತ್ತರಿ ಹಚ್ಚಿ. ಬಲಗೈಯಿಂದ ಹೊಡೆಯಿರಿ. ಗೆಲ್ಲಿರಿ. ನನ್ನ ಕೈಯದು ಮಾತ್ರ ಹಾಗೇ ಇರುತ್ತದೆ, ಅದನ್ನು ಬಿಚ್ಚಲು ಕಂಬಳಿಗೆ ಕೈಯಿಲ್ಲವಲ್ಲ. ಒಡಪು ಇದು, ಯಾರಿಗೂ ಓದಿ ಹೇಳಬೇಡಿ:

ಕರಿ ಕುರಿ ಉಣ್ಣಿ, ಬಂಡಾರದ ಬಣ್ಣ, ಹಾಕ್ಯಾರ ಗಂಟು ಮೂರು,
ವೈಜಿನಾಥರ ಕೈಗಂಟ ಬಿಚ್ಚೀನಿ, ನಂದು ಬಿಚ್ಚವರು ಯಾರು?